ಅಗ್ಗದ ಗಿಟಾರ್‌ಗೂ ಶ್ರುತಿ ಕೂಡುತ್ತದೆ: ಬೆರಳು ನೋಯಿಸದಂತೆ ಸಜ್ಜುಗೊಳಿಸುವುದು ಹೇಗೆ?

ಬೆಂಗಳೂರು: ಪರೀಕ್ಷೆಗಳು ಮುಗಿದು ಬೇಸಿಗೆ ರಜೆ ಆರಂಭವಾಗುತ್ತಿದ್ದಂತೆ ಗಿಟಾರ್ ಕಲಿಯಬೇಕೆಂಬ ಬೇಡಿಕೆ ಮನೆಮನೆಯಲ್ಲೂ ಏಳುತ್ತದೆ. ತಿಲಕ್ ನಗರವಿರಲಿ, ಜಯನಗರ, ಬನಶಂಕರಿ, ಬಿಟಿಎಂ ಬಡಾವಣೆಗಳಿರಲಿ, ಮಧ್ಯಮ ವರ್ಗದ ಮನೆಯೊಂದು ಮೊದಲ ಗಿಟಾರ್‌ಗೆಂದು ತೆಗೆದಿಡುವ ಹಣ ಸಾಮಾನ್ಯವಾಗಿ ನಾಲ್ಕೈದು ಸಾವಿರ ರೂಪಾಯಿ, ಹೆಚ್ಚೆಂದರೆ ಎಂಟು-ಹತ್ತು ಸಾವಿರ. ಮೊದಲ ವಾರ ಸಂಭ್ರಮ, ಎರಡನೇ ವಾರ ಬೆರಳು ನೋವು, ಮೂರನೇ ತಿಂಗಳಿಗೆ ವಾದ್ಯ ಬೀರುವಿನ ಮೇಲೆ. ‘ನಮ್ಮ ಹುಡುಗನಿಗೆ ಸಂಗೀತ ಒಲಿಯಲಿಲ್ಲ’ ಎಂದು ಹೆತ್ತವರೂ, ‘ನನ್ನ ಕೈಲಾಗದು’ ಎಂದು ಮಗುವೂ ತೀರ್ಮಾನಿಸುವುದರೊಂದಿಗೆ ಅಧ್ಯಾಯ ಮುಗಿಯುತ್ತದೆ.

ಈ ತೀರ್ಮಾನಕ್ಕೆ ಬರುವ ಮುನ್ನ ಮಾಡಬೇಕಾದ ಕೆಲಸವೊಂದಿದೆ. ಗಿಟಾರ್‌ನ ಹನ್ನೆರಡನೇ ಫ್ರೆಟ್‌ನ ಮೇಲೆ ತಂತಿ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ನೋಡಬೇಕು. ಎರಡು ಅಥವಾ ಎರಡೂವರೆ ಮಿಲಿಮೀಟರ್ ಇರಬೇಕಾದ ಜಾಗದಲ್ಲಿ ಮೂರೂವರೆಯೋ ನಾಲ್ಕೋ ಮಿಲಿಮೀಟರ್ ಕಂಡುಬಂದರೆ ದೋಷ ಮಗುವಿನ ಬೆರಳಿನಲ್ಲಿಲ್ಲ, ವಾದ್ಯದಲ್ಲಿದೆ. ಸಮಾಧಾನದ ಸಂಗತಿಯೆಂದರೆ, ಬಹುಪಾಲು ಅಗ್ಗದ ಗಿಟಾರ್‌ಗಳಲ್ಲಿ ಈ ದೋಷವನ್ನು ಸಣ್ಣ ಖರ್ಚಿನಲ್ಲಿ ಸರಿಪಡಿಸಬಹುದು.

ಅಗ್ಗದ್ದೆಂದರೆ ಕೆಟ್ಟದ್ದೇ?

ಅಗ್ಗದ ಗಿಟಾರ್ ಎಂದರೆ ಕೆಟ್ಟ ಗಿಟಾರ್ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ಅದು ಬಹುಮಟ್ಟಿಗೆ ಕೆಲಸ ಪೂರ್ತಿಯಾಗದ ಗಿಟಾರ್. ಮರ ಕೊಯ್ಯುವುದು, ಅಂಟಿಸುವುದು, ಬಣ್ಣ ಹಚ್ಚುವುದು ಎಲ್ಲವನ್ನೂ ಇಂದು ಯಂತ್ರಗಳು ಮಾಡುತ್ತವೆ. ಆದರೆ ಕೊನೆಯಲ್ಲಿ ತಂತಿಯ ಎತ್ತರ, ಕುತ್ತಿಗೆಯ ಬಾಗು, ಫ್ರೆಟ್‌ಗಳ ಸಮತಟ್ಟು ಇವನ್ನೆಲ್ಲ ಹದಕ್ಕೆ ತರಲು ಅನುಭವಸ್ಥರ ಕೈಯೇ ಬೇಕು. ಕಡಿಮೆ ಬೆಲೆಯ ವಾದ್ಯಕ್ಕೆ ಅಷ್ಟು ಹೊತ್ತು ವ್ಯಯಿಸಿದರೆ ತಯಾರಕರಿಗೆ ಗಿಟ್ಟುವುದಿಲ್ಲ.

ಇನ್ನೊಂದು ಕಾರಣವೂ ಇದೆ. ತಂತಿ ತೀರ ತಗ್ಗಾಗಿದ್ದರೆ ಫ್ರೆಟ್‌ಗೆ ತಾಗಿ ‘ಝರ್’ ಎಂದು ಸದ್ದು ಮಾಡುತ್ತದೆ. ಝರ್ ಎನ್ನುವ ಗಿಟಾರ್ ಅಂಗಡಿಗೆ ವಾಪಸು ಬರುತ್ತದೆ. ಒತ್ತಲು ಕಷ್ಟವಾದ ಗಿಟಾರ್ ವಾಪಸು ಬರುವುದಿಲ್ಲ, ಏಕೆಂದರೆ ಹೊಸಬರು ಅದನ್ನು ತಮ್ಮದೇ ಕೊರತೆ ಎಂದುಕೊಳ್ಳುತ್ತಾರೆ. ಹೀಗಾಗಿ ತಂತಿಯನ್ನು ಬೇಕೆಂದೇ ಎತ್ತರದಲ್ಲಿರಿಸಿ ಕಳುಹಿಸುವುದು ತಯಾರಕರಿಗೆ ಕ್ಷೇಮ. ಆ ಎತ್ತರದ ಬೆಲೆಯನ್ನು ತೆರುವುದು ಕಲಿಯುವವರ ಬೆರಳು.

ವೀಣೆ ಬಲ್ಲವರಿಗೆ ಹೊಸತಲ್ಲ

ವಾದ್ಯವನ್ನು ಕೊಂಡ ಮೇಲೂ ಹದಗೊಳಿಸಬೇಕು ಎಂಬ ಮಾತು ನಮ್ಮ ಸಂಗೀತಕ್ಕೆ ಅಪರಿಚಿತವೇನಲ್ಲ. ವೀಣೆಯ 24 ಹಿತ್ತಾಳೆಯ ಮೆಟ್ಟಿಲುಗಳು ಮೇಣದ ಮೇಲೆ ಕುಳಿತಿರುತ್ತವೆ. ಕಾಲಕ್ರಮೇಣ ಮೇಣ ಕುಸಿದು ಸ್ವರಸ್ಥಾನ ತಪ್ಪಿದಾಗ ಮೆಟ್ಟಿಲುಗಳನ್ನು ಮತ್ತೆ ಕೂರಿಸಿ ಮೇಳ ಕಟ್ಟಿಸುತ್ತಾರೆ. ತಂಬೂರಿಯಲ್ಲಿ ತಂತಿ ಮತ್ತು ಕುದುರೆಯ ನಡುವೆ ಜೀವಾಳದ ದಾರವನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ನಾದ ಅರಳುವ ಜಾಗವನ್ನು ಹುಡುಕುತ್ತಾರೆ. ಇವನ್ನು ಯಾರೂ ದುರಸ್ತಿಯೆಂದು ಕರೆಯುವುದಿಲ್ಲ, ವಾದ್ಯದ ಆರೈಕೆಯೆಂದೇ ತಿಳಿಯುತ್ತಾರೆ. ಗಿಟಾರ್ ವಿಷಯದಲ್ಲಿ ಮಾತ್ರ, ಟಿ.ವಿ. ಕೊಂಡಂತೆ ಪೆಟ್ಟಿಗೆಯಿಂದ ತೆಗೆದೊಡನೆ ಸರಿಯಾಗಿರಬೇಕೆಂದು ಅಪೇಕ್ಷಿಸುತ್ತೇವೆ.

ಏನೇನು ಬೇಕು?

ಬೇಕಾಗುವ ಸಾಮಗ್ರಿ ಹೆಚ್ಚೇನಿಲ್ಲ. ತುದಿಯಿಂದಲೇ ಸೊನ್ನೆ ಆರಂಭವಾಗುವ, ಅರ್ಧ ಮಿಲಿಮೀಟರ್ ಗೆರೆಗಳಿರುವ ಉಕ್ಕಿನ ಸ್ಕೇಲು. 4 ಮತ್ತು 5 ಮಿ.ಮೀ. ಅಲೆನ್ ಕೀ. 120 ಹಾಗೂ 220ರ ಮರಳುಕಾಗದ. ಪೆನ್ಸಿಲ್, ಒಂದು ವಿಸಿಟಿಂಗ್ ಕಾರ್ಡ್, ಹೊಸ ತಂತಿಗಳ ಒಂದು ಜೊತೆ. ತಂತಿಯನ್ನು ಬಿಟ್ಟರೆ ಉಳಿದವೆಲ್ಲ ಬಡಾವಣೆಯ ಹಾರ್ಡ್‌ವೇರ್ ಮತ್ತು ಸ್ಟೇಷನರಿ ಅಂಗಡಿಗಳಲ್ಲೇ ಸಿಗುವಂಥವು. ಶ್ರುತಿ ನೋಡಲು ಮೊಬೈಲ್‌ನಲ್ಲಿ ಉಚಿತವಾಗಿ ದೊರೆಯುವ ಟ್ಯೂನರ್ ಸಾಕು.

ಕೆಲಸಕ್ಕೆ ಒಂದು ಕ್ರಮವಿದೆ: ಮೊದಲು ತಂತಿ, ಅನಂತರ ಕುತ್ತಿಗೆ, ಬಳಿಕ ನಟ್, ಕೊನೆಗೆ ಸ್ಯಾಡಲ್. ಒಂದು ಹಂತದಲ್ಲಿ ಆಗುವ ಬದಲಾವಣೆ ಮುಂದಿನ ಹಂತದ ಅಳತೆಯನ್ನು ಬದಲಿಸುವುದರಿಂದ ಈ ಕ್ರಮವನ್ನು ತಪ್ಪಿಸಬಾರದು.

ತಂತಿ: ಅತಿ ಸುಲಭದ ಪರಿಹಾರ

ಅಂಗಡಿಯಲ್ಲಿ ತಿಂಗಳುಗಟ್ಟಲೆ ತೂಗಿದ ಗಿಟಾರ್‌ನ ತಂತಿಗೆ ತುಕ್ಕು ಹಿಡಿದಿರುವುದುಂಟು. ತುಕ್ಕು ಹಿಡಿದ ತಂತಿ ಬೆರಳನ್ನು ಕೆರೆಯುತ್ತದೆ, ಶ್ರುತಿಯಲ್ಲೂ ನಿಲ್ಲುವುದಿಲ್ಲ. ಆದ್ದರಿಂದ ಅದನ್ನು ಮೊದಲು ಬದಲಿಸಬೇಕು.

ಉಕ್ಕಿನ ತಂತಿಗಳನ್ನು ಅತಿ ಸಣ್ಣ ತಂತಿಯ ದಪ್ಪದಿಂದ ಗುರುತಿಸುತ್ತಾರೆ. ‘ಹನ್ನೆರಡು’ ಎಂದರೆ ಇಂಚಿನ ಸಾವಿರದ ಹನ್ನೆರಡು ಭಾಗ. ಹನ್ನೆರಡರ ಜೊತೆಯನ್ನು ಶ್ರುತಿಗೆ ಏರಿಸಿದಾಗ ಆರೂ ತಂತಿಗಳ ಒಟ್ಟು ಎಳೆತ 70 ಕಿಲೋಗ್ರಾಂ ಮೀರುತ್ತದೆ. ‘ಹತ್ತು’ ಅಥವಾ ‘ಹನ್ನೊಂದು’ ಹಾಕಿದರೆ ಎಳೆತ ಗಣನೀಯವಾಗಿ ಇಳಿದು, ಒತ್ತುವುದು ಹಗುರವಾಗುತ್ತದೆ. ನಾದದ ಗಾಂಭೀರ್ಯ ಸ್ವಲ್ಪ ಕಡಿಮೆಯಾದೀತು. ಆದರೆ ಆರಂಭದಲ್ಲಿ ಕಲಿಕೆ ಮುಂದುವರಿಯುವುದೇ ಮುಖ್ಯ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ಗೆ ಉಕ್ಕಿನ ತಂತಿ ಹಾಕಲೇಬಾರದು. ಆ ಎಳೆತವನ್ನು ತಡೆಯುವ ಕಟ್ಟಡ ಅದಕ್ಕಿಲ್ಲ. ಕುತ್ತಿಗೆ ಬಾಗುವುದೋ ಬ್ರಿಡ್ಜ್ ಕಿತ್ತುಬರುವುದೋ ಖಂಡಿತ.

ಹೊಸ ತಂತಿಯನ್ನು ಬಿರಡೆಗೆ ಎರಡು-ಮೂರು ಸುತ್ತು ಮಾತ್ರ, ಒಂದರ ಕೆಳಗೊಂದು ಬರುವಂತೆ ಸುತ್ತಬೇಕು. ಬಳಿಕ ಬೆರಳಿನಿಂದ ಮೃದುವಾಗಿ ಎಳೆದು ಮತ್ತೆ ಶ್ರುತಿ ಮಾಡಬೇಕು. ಇದನ್ನು ನಾಲ್ಕೈದು ಬಾರಿ ಮಾಡಿದರೆ ತಂತಿ ಸ್ಥಿಮಿತಕ್ಕೆ ಬರುತ್ತದೆ. ‘ಅಗ್ಗದ ಗಿಟಾರ್, ಶ್ರುತಿ ನಿಲ್ಲುವುದಿಲ್ಲ’ ಎಂಬ ದೂರಿಗೆ ಎಷ್ಟೋ ಸಲ ಈ ಎಳೆತ ಮಾಡದಿರುವುದೇ ಕಾರಣ. ಬಿರಡೆಯ ತಿರುಪುಗಳು ಸಡಿಲವಾಗಿದ್ದರೆ ಅವನ್ನೂ ಇದೇ ಹೊತ್ತಿನಲ್ಲಿ ಬಿಗಿ ಮಾಡಿಕೊಳ್ಳಬೇಕು.

ಕುತ್ತಿಗೆಯ ಬಾಗು ಎಷ್ಟಿರಬೇಕು?

ಇಷ್ಟೊಂದು ಎಳೆತಕ್ಕೆ ಸಿಕ್ಕ ಕುತ್ತಿಗೆ ಬಿಲ್ಲಿನಂತೆ ಮುಂದಕ್ಕೆ ಬಾಗಲು ಹವಣಿಸುತ್ತದೆ. ಅದನ್ನು ತಡೆಯಲು ಮರದೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸಲಾಕೆ ಇರುತ್ತದೆ. ಬಿಗಿ ಬದಲಿಸಬಹುದಾದ ಇಂಥ ಸಲಾಕೆಗೆ ಅಮೆರಿಕದ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ 1923ರಲ್ಲಿ ಪೇಟೆಂಟ್ ದೊರೆಯಿತು. ಇಂದು ಅಗ್ಗದ ಗಿಟಾರ್‌ಗಳಲ್ಲೂ ಅದು ಬಹುತೇಕ ಇರುತ್ತದೆ.

ಕುತ್ತಿಗೆ ಪೂರ್ತಿ ನೇರವಾಗಿರಬಾರದು. ಮಿಡಿದ ತಂತಿ ಕಂಪಿಸಲು ನಡುವೆ ಒಂದಿಷ್ಟು ಜಾಗ ಬೇಕು. ಪರೀಕ್ಷಿಸುವುದು ಹೀಗೆ: ಶ್ರುತಿ ಮಾಡಿದ ಗಿಟಾರ್‌ನ ಅತಿ ದಪ್ಪ ತಂತಿಯನ್ನು ಒಂದನೇ ಫ್ರೆಟ್‌ನಲ್ಲೂ, ಕುತ್ತಿಗೆಯು ಒಡಲನ್ನು ಸೇರುವ ಹದಿನಾಲ್ಕನೇ ಫ್ರೆಟ್‌ನಲ್ಲೂ ಏಕಕಾಲಕ್ಕೆ ಒತ್ತಿ ಹಿಡಿಯಿರಿ. ಈಗ ತಂತಿಯೇ ಅಳತೆಯ ನೇರಗೆರೆ. ಏಳನೇ ಫ್ರೆಟ್‌ನ ಬಳಿ ತಂತಿಗೂ ಫ್ರೆಟ್‌ಗೂ ನಡುವೆ 0.15ರಿಂದ 0.30 ಮಿ.ಮೀ. ಅಂತರವಿದ್ದರೆ ಸರಿ. ಸಾಧಾರಣ ವಿಸಿಟಿಂಗ್ ಕಾರ್ಡ್ ತಂತಿಯನ್ನು ಹೆಚ್ಚು ಎತ್ತದೆ ನುಸುಳಿದರೆ ಹದ ಸರಿಯಿದೆ ಎಂದು ತಿಳಿಯಬಹುದು.

ಅಂತರ ಹೆಚ್ಚಿದ್ದರೆ ಸಲಾಕೆಯನ್ನು ಬಲಕ್ಕೆ ತಿರುಗಿಸಿ ಬಿಗಿಗೊಳಿಸಬೇಕು. ಅಂತರವೇ ಇಲ್ಲದಿದ್ದರೆ ಎಡಕ್ಕೆ ತಿರುಗಿಸಿ ಸಡಿಲಿಸಬೇಕು. ಅದರ ತಲೆ ದನಿರಂಧ್ರದ ಒಳಗೆ ಅಥವಾ ಗಿಟಾರ್‌ನ ತಲೆಭಾಗದ ಸಣ್ಣ ಮುಚ್ಚಳದ ಕೆಳಗಿರುತ್ತದೆ. ಒಂದು ಬಾರಿಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಪ್ರತಿ ಬಾರಿಯೂ ಶ್ರುತಿ ಮಾಡಿ ಮತ್ತೆ ಅಳೆಯಬೇಕು. ಸಾಧಾರಣ ಬಲಕ್ಕೆ ಜಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ ಬಲ್ಲವರ ಬಳಿಗೆ ಒಯ್ಯುವುದೇ ವಿವೇಕ. ಒಳಗಿನ ಸಲಾಕೆ ಮುರಿದರೆ ಅಗ್ಗದ ಗಿಟಾರ್‌ನ ಆಯುಷ್ಯ ಮುಗಿದಂತೆ.

ತಂತಿಯ ಎತ್ತರ ತಗ್ಗಿಸಲು ಈ ಸಲಾಕೆಯನ್ನೇ ಬಿಗಿಗೊಳಿಸುತ್ತ ಹೋಗುವುದು ಹೊಸಬರ ಸಾಮಾನ್ಯ ತಪ್ಪು. ಸಲಾಕೆಯ ಕೆಲಸ ಕುತ್ತಿಗೆಯ ಬಾಗನ್ನು ನೋಡಿಕೊಳ್ಳುವುದು ಮಾತ್ರ. ಎತ್ತರವನ್ನು ನಿರ್ಧರಿಸುವುದು ನಟ್ ಮತ್ತು ಸ್ಯಾಡಲ್.

‘ಎಫ್’ ಕಾರ್ಡ್ ಏಕೆ ಬರುವುದಿಲ್ಲ?

ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಬಿಳಿ ಪಟ್ಟಿಯೇ ನಟ್. ಅದರ ಗೀರುಗಳು ಸಾಕಷ್ಟು ಆಳವಿಲ್ಲದಿದ್ದರೆ ಒಂದನೇ ಫ್ರೆಟ್‌ನ ಬಳಿ ತಂತಿಯನ್ನು ಒತ್ತಲು ವಿಪರೀತ ಬಲ ಬೇಕಾಗುತ್ತದೆ. ಕಲಿಯುವವರನ್ನು ಕಂಗೆಡಿಸುವ ‘ಎಫ್’ ಕಾರ್ಡ್ ಇರುವುದು ಇಲ್ಲಿಯೇ. ತೋರುಬೆರಳನ್ನು ಅಡ್ಡ ಮಲಗಿಸಿ ಆರೂ ತಂತಿಗಳನ್ನು ಒತ್ತಬೇಕಾದ ಈ ಹಿಡಿತ ವಾರಗಟ್ಟಲೆ ಅಭ್ಯಾಸ ಮಾಡಿದರೂ ಕೂಡಿಬಾರದಿದ್ದರೆ ಒಮ್ಮೆ ನಟ್ ಕಡೆ ನೋಡಬೇಕು.

ಎರಡನೇ ಮತ್ತು ಮೂರನೇ ಫ್ರೆಟ್‌ಗಳ ನಡುವೆ ತಂತಿಯನ್ನು ಒತ್ತಿ, ಒಂದನೇ ಫ್ರೆಟ್ ಮತ್ತು ತಂತಿಯ ನಡುವಿನ ಸಂದನ್ನು ಗಮನಿಸಿ. ಕೂದಲೆಳೆಯಷ್ಟು ಸಂದಿದ್ದರೆ ಸಾಕು. ಕಣ್ಣಿಗೆ ಢಾಳಾಗಿ ಕಂಡರೆ ಗೀರನ್ನು ಆಳ ಮಾಡಬೇಕು. ಒಂದೊಂದು ತಂತಿಗೂ ಅದರದೇ ದಪ್ಪದ ಅರ ಬೇಕಾಗುವ, ಕೈ ಸ್ವಲ್ಪ ತಪ್ಪಿದರೂ ತೆರೆದ ತಂತಿ ಝರ್ ಎನ್ನತೊಡಗುವ ಕೆಲಸವಿದು. ಮನೆಯಲ್ಲಿ ಪ್ರಯೋಗಿಸುವುದಕ್ಕಿಂತ ದುರಸ್ತಿಗಾರರಿಗೆ ಒಪ್ಪಿಸುವುದು ಮೇಲು. ಬಿರಡೆ ತಿರುಗಿಸುವಾಗ ‘ಟಿಕ್’ ಎಂದು ತಂತಿ ಹಾರಿ ಶ್ರುತಿ ತಪ್ಪುತ್ತಿದ್ದರೆ ಮಾತ್ರ ಮನೆಮದ್ದಿದೆ: ಗೀರಿನಲ್ಲಿ ಪೆನ್ಸಿಲ್ ಸೀಸವನ್ನು ತಿಕ್ಕಿದರೆ ತಂತಿ ನಯವಾಗಿ ಜಾರುತ್ತದೆ.

ಕುದುರೆಯ ಮೇಲಿನ ಜೀನು

ವೀಣೆಯಲ್ಲಿ ತಂತಿಯನ್ನು ಹೊರುವ ಭಾಗಕ್ಕೆ ಕನ್ನಡದಲ್ಲಿ ಕುದುರೆ ಎನ್ನುತ್ತೇವೆ. ಗಿಟಾರ್‌ನ ಬ್ರಿಡ್ಜ್ ಅದೇ. ಅದರ ಮೇಲೆ ಕುಳಿತ ಬಿಳಿ ಪಟ್ಟಿಗೆ ಇಂಗ್ಲಿಷಿನವರು ಇಟ್ಟ ಹೆಸರು ಸ್ಯಾಡಲ್, ಅಂದರೆ ಜೀನು. ಬೆರಳು ನೋವಿಗೆ ನಿಜವಾದ ಪರಿಹಾರ ಹೆಚ್ಚಾಗಿ ಈ ಜೀನಿನಲ್ಲೇ ಇದೆ.

ಹನ್ನೆರಡನೇ ಫ್ರೆಟ್‌ನ ನೆತ್ತಿಯಿಂದ ತಂತಿಯ ಕೆಳಬದಿಯವರೆಗೆ ಅಳೆಯಿರಿ. ದಪ್ಪ ತಂತಿಗೆ ಸುಮಾರು 2.5 ಮಿ.ಮೀ., ಸಣ್ಣ ತಂತಿಗೆ ಸುಮಾರು 2 ಮಿ.ಮೀ. ಇದ್ದರೆ ಕಲಿಯುವವರಿಗೆ ಅನುಕೂಲ. ಲೆಕ್ಕ ಸರಳ. ಹನ್ನೆರಡನೇ ಫ್ರೆಟ್ ಇರುವುದು ನಟ್ ಮತ್ತು ಸ್ಯಾಡಲ್‌ಗಳ ನಟ್ಟನಡುವೆ. ಹೀಗಾಗಿ ಅಲ್ಲಿ 1 ಮಿ.ಮೀ. ತಗ್ಗಬೇಕಾದರೆ ಸ್ಯಾಡಲ್‌ನಿಂದ 2 ಮಿ.ಮೀ. ತೆಗೆಯಬೇಕು. ಅಳತೆ 3.5 ಬಂದು, 2.5ಕ್ಕೆ ಇಳಿಸುವುದಿದ್ದರೆ ತೆಗೆಯಬೇಕಾದದ್ದು 2 ಮಿ.ಮೀ.

ತಂತಿಗಳನ್ನು ಸಡಿಲಿಸಿ, ಸ್ಯಾಡಲನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ಮೆಲ್ಲಗೆ ಮೇಲಕ್ಕೆಳೆಯಿರಿ. ಅಂಟಿಸಿದ್ದು ಬರದಿದ್ದರೆ ಬಲಾತ್ಕಾರ ಬೇಡ. ತೆಗೆಯಬೇಕಾದ ಅಳತೆಯನ್ನು ಕೆಳಬದಿಯಿಂದ ಪೆನ್ಸಿಲಿನಲ್ಲಿ ಗೆರೆಯೆಳೆದು ಗುರುತಿಸಿ. ಮರಳುಕಾಗದವನ್ನು ಸಮತಟ್ಟಾದ ಜಾಗದಲ್ಲಿ ಹಾಸಬೇಕು. ಅಡುಗೆಮನೆಯ ಗ್ರಾನೈಟ್ ಕಟ್ಟೆ ಇದಕ್ಕೆ ಹೇಳಿ ಮಾಡಿಸಿದಂತಿದೆ. ಸ್ಯಾಡಲನ್ನು ನೆಟ್ಟಗೆ ಹಿಡಿದು ಕೆಳಬದಿಯನ್ನು ಮಾತ್ರ ಉಜ್ಜಬೇಕು. ಮೇಲ್ಬದಿಯ ಡೊಂಕನ್ನು ಮುಟ್ಟಬಾರದು. 120ರ ಕಾಗದದಿಂದ ಆರಂಭಿಸಿ 220ರಲ್ಲಿ ಮುಗಿಸಿ. ಅರ್ಧದಷ್ಟು ಉಜ್ಜಿದ ಮೇಲೆ ಮತ್ತೆ ಕೂರಿಸಿ, ಶ್ರುತಿ ಮಾಡಿ ಅಳೆದು ನೋಡಿ. ಉಜ್ಜಿದ್ದನ್ನು ಮರಳಿ ಸೇರಿಸಲಾಗದು. ಆದ್ದರಿಂದ ಇನ್ನೊಂದು ಸ್ಯಾಡಲನ್ನು ಮೊದಲೇ ಕೊಂಡು, ಮೂಲದ್ದನ್ನು ಹಾಗೆಯೇ ತೆಗೆದಿಟ್ಟರೆ ಅಂಜಿಕೆಯಿಲ್ಲ.

ಎಲೆಕ್ಟ್ರಿಕ್ ಗಿಟಾರ್ ಇದ್ದವರ ಕೆಲಸ ಇನ್ನೂ ಸುಲಭ. ಹೆಚ್ಚಿನವುಗಳಲ್ಲಿ ಸ್ಯಾಡಲ್‌ಗಳಿಗೆ ತಿರುಪುಗಳಿರುವುದರಿಂದ ಉಜ್ಜಬೇಕಾಗಿಲ್ಲ. ತಂತಿಯ ಎತ್ತರವನ್ನು 1.6ರಿಂದ 2 ಮಿ.ಮೀ.ವರೆಗೆ ಇಳಿಸಬಹುದು.

ಕಿವಿಗೂ ಬೇಕು ನ್ಯಾಯ

ಎತ್ತರ ತಗ್ಗಿಸುವುದರಿಂದ ಬೆರಳಿಗಷ್ಟೇ ಅಲ್ಲ, ಕಿವಿಗೂ ಉಪಕಾರವಾಗುತ್ತದೆ. ಗಿಟಾರ್‌ನ ಫ್ರೆಟ್‌ಗಳು ವೀಣೆಯ ಮೆಟ್ಟಿಲುಗಳಂತೆ ಕಿವಿಯಿಂದ ಕೂರಿಸಿದವಲ್ಲ, ಲೆಕ್ಕದಿಂದ ಕೂರಿಸಿದವು. ಉಳಿದ ತಂತಿಯ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್‌ನ ಜಾಗ ಸಿಗುತ್ತದೆ. ತಂತಿಯ ಉದ್ದ 650 ಮಿ.ಮೀ. ಇದ್ದರೆ ಒಂದನೇ ಫ್ರೆಟ್ ನಟ್‌ನಿಂದ ಸುಮಾರು 36.5 ಮಿ.ಮೀ. ದೂರದಲ್ಲೂ, ಹನ್ನೆರಡನೆಯದು 325 ಮಿ.ಮೀ. ದೂರದಲ್ಲೂ ಇರುತ್ತದೆ.

ಆದರೆ ಒತ್ತಿದಾಗ ತಂತಿ ಹಿಗ್ಗಿ ಸ್ವರ ತುಸು ಏರುತ್ತದೆ. ಎತ್ತರ ಹೆಚ್ಚಿದಷ್ಟೂ ಈ ಏರಿಕೆ ಹೆಚ್ಚು. ತೆರೆದ ತಂತಿಗಳೆಲ್ಲ ಶ್ರುತಿಯಲ್ಲಿದ್ದರೂ ಕಾರ್ಡ್ ಹಿಡಿದಾಗ ಅಪಸ್ವರ ಕೇಳುವುದು ಇದರಿಂದಲೇ. ಮನೆಯಲ್ಲಿ ಶಾಸ್ತ್ರೀಯ ಸಂಗೀತ ಕೇಳಿ ಬೆಳೆದ ಮಗುವಿಗೆ ಇದು ಬೇಗ ಗೊತ್ತಾಗುತ್ತದೆ. ಕಾರಣ ಮಾತ್ರ ತಿಳಿಯುವುದಿಲ್ಲ.

ಪರೀಕ್ಷೆಗೆ, ಹನ್ನೆರಡನೇ ಫ್ರೆಟ್‌ನ ನೇರದಲ್ಲಿ ತಂತಿಯನ್ನು ಬೆರಳಿನಿಂದ ಹಗುರವಾಗಿ ಮುಟ್ಟಿ ಮಿಡಿದಾಗ ಬರುವ ಸ್ವರವನ್ನೂ, ಅಲ್ಲಿಯೇ ಒತ್ತಿ ಮಿಡಿದಾಗ ಬರುವ ಸ್ವರವನ್ನೂ ಟ್ಯೂನರ್‌ನಲ್ಲಿ ಹೋಲಿಸಿ. ಎರಡೂ ಒಂದೇ ಆಗಿರಬೇಕು. ಹೊಸ ತಂತಿ, ಸರಿಯಾದ ಎತ್ತರ ಎರಡೂ ಆದ ಮೇಲೂ ಒತ್ತಿದ ಸ್ವರ ಏರಿಯೇ ಇದ್ದರೆ ಸ್ಯಾಡಲ್‌ನ ಅಂಚನ್ನು ತಿದ್ದಿಸಬೇಕಾಗುತ್ತದೆ.

ಬೀಟೆ, ಮತ್ತಿ ಮತ್ತು ಬೆಂಗಳೂರಿನ ಹವೆ

ಫ್ರೆಟ್‌ಗಳು ಕುಳಿತಿರುವ ಕಪ್ಪುಪಟ್ಟಿಗೆ ಜಗತ್ತಿನಾದ್ಯಂತ ಬಳಕೆಯಾಗುತ್ತ ಬಂದ ಮರಗಳಲ್ಲಿ ನಮ್ಮ ಪಶ್ಚಿಮ ಘಟ್ಟದ ಬೀಟೆಯೂ ಒಂದು. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲದ ಅಂತರರಾಷ್ಟ್ರೀಯ ವಹಿವಾಟು ಪರವಾನಗಿಗೆ ಒಳಪಟ್ಟಾಗ ಗಿಟಾರ್ ತಯಾರಕರು ಬೇರೆ ಮರಗಳತ್ತ ಹೊರಳಿದರು. ಸಿದ್ಧ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ದೊರೆಯಿತಾದರೂ ಹಲವರು ಹಿಂದಿರುಗಲಿಲ್ಲ. ಆಗ ಬಳಕೆಗೆ ಬಂದ ‘ಇಂಡಿಯನ್ ಲಾರೆಲ್’ ಬೇರೆ ಯಾವುದೂ ಅಲ್ಲ, ನಮ್ಮ ಕಾಡಿನ ಮತ್ತಿ. ಅತಿ ಅಗ್ಗದವುಗಳಲ್ಲಿ ಮಾಮೂಲಿ ಮರಕ್ಕೆ ಕಪ್ಪು ಬಣ್ಣ ಹಚ್ಚಿರುವುದೂ ಉಂಟು.

ಯಾವ ಮರವೇ ಆಗಲಿ, ಒಣಹವೆಗೆ ಕುಗ್ಗುತ್ತದೆ, ತೇವಕ್ಕೆ ಹಿಗ್ಗುತ್ತದೆ. ಫ್ರೆಟ್‌ನ ಲೋಹ ಕುಗ್ಗುವುದಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬೆಂಗಳೂರಿನ ಒಣಹವೆಯಲ್ಲಿ ಪಟ್ಟಿಯ ಅಂಚಿನಿಂದ ಫ್ರೆಟ್‌ಗಳ ತುದಿ ಹೊರಚಾಚಿ ಕೈಗೆ ಗೀರುವುದು ಇದರಿಂದ. ಸಣ್ಣ ಅರದಿಂದ ತುದಿಗಳನ್ನು ಮೃದುವಾಗಿ ಉಜ್ಜಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಒಡಲಿನ ಮೇಲ್ಪದರ ಉಬ್ಬಿ ತಂತಿಯ ಎತ್ತರ ಹೆಚ್ಚಬಹುದು. ಆದ್ದರಿಂದ ಯುಗಾದಿಯ ಹೊತ್ತಿಗೊಮ್ಮೆ, ಆಯುಧಪೂಜೆಗೆ ವಾದ್ಯ ಒರೆಸಿಡುವಾಗ ಇನ್ನೊಮ್ಮೆ ಅಳತೆ ನೋಡಿಕೊಳ್ಳುವುದು ಒಳ್ಳೆಯ ಪದ್ಧತಿ.

ತಿಲಕ್ ನಗರದಂತಹ ಒತ್ತೊತ್ತಾದ ಬಡಾವಣೆಗಳ ಚಿಕ್ಕ ಮನೆಗಳಲ್ಲಿ ಗಿಟಾರ್ ಇಡಲು ಜಾಗವೇ ಸಮಸ್ಯೆ. ಬಿಸಿಲು ಬಡಿಯುವ ಪಶ್ಚಿಮದ ಗೋಡೆ, ಶೀಟು ಹೊದಿಸಿದ ಮಹಡಿ ಕೋಣೆ, ಸಿಂಕಿನ ಪಕ್ಕದ ಮೂಲೆ ಇವು ಮೂರೂ ಬೇಡ. ಚೀಲದೊಳಗಿಟ್ಟು ಒಳಗೋಡೆಗೆ ತೂಗುಹಾಕಿದರೆ ಸಾಕು. ಒಣಗಿದ ಪಟ್ಟಿಗೆ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವನ್ನು ಬಿಡಬೇಕು. ಅದು ಕಾಲಕ್ರಮೇಣ ಕಮಟಿ ಜಿಡ್ಡುಗಟ್ಟುತ್ತದೆ. ವಾದ್ಯಗಳಿಗೆಂದೇ ಸಿಗುವ ಎಣ್ಣೆಯ ನಾಲ್ಕು ಹನಿ ವರ್ಷಕ್ಕೊಮ್ಮೆ ಸಾಕು.

ಯಾವಾಗ ಕೈಬಿಡಬೇಕು?

ಎಲ್ಲ ಗಿಟಾರ್‌ಗಳೂ ಸರಿಹೋಗುತ್ತವೆ ಎನ್ನಲಾಗದು. ಕುತ್ತಿಗೆ ತಿರುಚಿದ್ದರೆ, ಬ್ರಿಡ್ಜ್‌ನ ಹಿಂಬದಿಯಲ್ಲಿ ಕಾಗದ ತೂರುವಷ್ಟು ಬಿರುಕು ಬಿಟ್ಟಿದ್ದರೆ, ಸ್ಯಾಡಲ್ ಈಗಾಗಲೇ ಬ್ರಿಡ್ಜ್‌ನ ಮಟ್ಟಕ್ಕೆ ಇಳಿದಿದ್ದೂ ತಂತಿ ಎತ್ತರವಾಗಿಯೇ ಇದ್ದರೆ ಅದಕ್ಕೆ ಹಣ ಸುರಿಯುವುದು ವ್ಯರ್ಥ. ಊರು ಬಿಟ್ಟು ಹೋಗುವವರಿಂದ ಹಳೆಯ ಗಿಟಾರ್ ಕೊಳ್ಳುವವರು ಈ ಮೂರನ್ನೂ ಮೊದಲು ಪರೀಕ್ಷಿಸಬೇಕು.

ಸ್ವತಃ ಕೈಹಾಕಲು ಅಳುಕುವವರು ವಾದ್ಯದ ಅಂಗಡಿಗಳ ದುರಸ್ತಿಗಾರರನ್ನು ಕಾಣಬಹುದು. ಹಾಗೆ ಹೋಗುವಾಗ ‘ಸ್ವಲ್ಪ ಸರಿ ಮಾಡಿಕೊಡಿ’ ಎನ್ನುವ ಬದಲು ಅಳತೆಗಳನ್ನು ಚೀಟಿಯಲ್ಲಿ ಬರೆದೊಯ್ದು, ಹನ್ನೆರಡನೇ ಫ್ರೆಟ್‌ನಲ್ಲಿ ಎಷ್ಟಿದೆ, ಎಷ್ಟಾಗಬೇಕು ಎಂದು ಹೇಳಬೇಕು. ಕೂಲಿಯನ್ನು ಮೊದಲೇ ಕೇಳಿಕೊಳ್ಳಬೇಕು. ವಾಪಸು ಪಡೆಯುವಾಗ ಅಂಗಡಿಯಲ್ಲೇ ಅಳೆದು ನೋಡಬೇಕು.

ಇಷ್ಟೆಲ್ಲ ಮಾಡಿದರೂ ನಾಲ್ಕು ಸಾವಿರದ ಗಿಟಾರ್ ನಲವತ್ತು ಸಾವಿರದ ಗಿಟಾರ್‌ನಂತೆ ನುಡಿಯುವುದಿಲ್ಲ. ಮರದ ಗುಣ ಮರದ್ದೇ. ಬೆರಳ ತುದಿ ಜಡ್ಡುಗಟ್ಟುವವರೆಗಿನ ಮೊದಲ ಕೆಲವು ವಾರಗಳ ನೋವನ್ನೂ ಯಾವ ಸ್ಯಾಡಲ್ ತಪ್ಪಿಸಲಾರದು. ಆದರೆ ಆ ನೋವು ತಿಂಗಳೊಪ್ಪತ್ತಿನಲ್ಲಿ ಹೋಗುವಂಥದ್ದು. ತಂತಿಯ ಎತ್ತರ ತಂದೊಡ್ಡುವ ನೋವು ತಾನಾಗಿ ಹೋಗುವುದಿಲ್ಲ. ನಿಮ್ಮ ಮನೆಯ ಬೀರುವಿನ ಮೇಲೂ ಒಂದು ಗಿಟಾರ್ ಧೂಳು ಹಿಡಿದು ಕುಳಿತಿದ್ದರೆ, ಅದನ್ನು ಮಾರುವ ಮುನ್ನ ಒಮ್ಮೆ ಇಳಿಸಿ ಹನ್ನೆರಡನೇ ಫ್ರೆಟ್‌ನ ಬಳಿ ಸ್ಕೇಲು ಹಿಡಿಯಿರಿ.